ಅಮ್ಮನಿಗೆ ಬಿಟ್ಟ ಹುಂಜ ಹರಾಜಿಗೆ ಬಂದದ್ದು

ಸಂಕ್ರಾಂತಿಯ ಮರುದಿನ ಸಂಜೆ ನಮ್ಮ ಮಾವ ಕೈ ಬೀಸಿಕೊಂಡು ಮನೆಗೆ ಬಂದರು. ಬೆಳಿಗ್ಗೆ ಹೊರಡುವಾಗ ಅವರ ಕೈಯಲ್ಲಿ ಒಂದು ಚೀಲವಿತ್ತು, ಚೀಲದ ಬಾಯಿಂದ ಕೆಂಪು ಹುಂಜವೊಂದು ತಲೆ ಹೊರಗೆ ಹಾಕಿ ಬೀದಿಯನ್ನೆಲ್ಲ ನೋಡುತ್ತಿತ್ತು. ಸಂಜೆ ಚೀಲವೂ ಇಲ್ಲ, ಹುಂಜವೂ ಇಲ್ಲ, ಮಾವನ ಎಡಗಾಲಿನ ಚಪ್ಪಲಿಯೂ ಇಲ್ಲ. ಜಗುಲಿಯ ಮೇಲೆ ಕುಸಿದು ಕೂತು, "ಪೋಯಿಂದಿ, ಅಂತಾ ಪೋಯಿಂದಿ" ಎಂದರು. ಎಲ್ಲಾ ಹೋಯಿತು ಅಂತ. ಮೇಲೂರಿನ ನಮ್ಮ ಮನೆಯಲ್ಲಿ ಮಾತು ಕನ್ನಡವೇ, ಆದರೆ ಮಾವನಿಗೆ ಗಾಬರಿಯಾದರೆ ತೆಲುಗು ಬರುತ್ತದೆ.

ಅತ್ತೆ ಒಳಗಿಂದ ಬಂದವರು ಮೊದಲು ಚೀಲಕ್ಕಾಗಿ ಕಣ್ಣಾಡಿಸಿದರು.

"ಹುಂಜ ಎಲ್ಲಿ?"

"ಪೊಲೀಸ್ನೋರು ಹಿಡ್ಕೊಂಡೋದ್ರು."

"ನಿಮ್ಮನ್ನ ಬಿಟ್ಟು ಹುಂಜನ್ನ ಹಿಡ್ಕೊಂಡೋದ್ರಾ?"

"ನಾನು ಓಡ್ದೆ ಕಣೇ. ಅದು ಚೀಲದಲ್ಲಿತ್ತು, ಹೆಂಗೆ ಓಡ್ತದೆ?"

ನನಗೆ ನಗು ತಡೆಯಲಾಗಲಿಲ್ಲ. ನೀರಾವರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ, ಮಂಡಿನೋವೆಂದು ಮಹಡಿ ಮೆಟ್ಟಿಲು ಹತ್ತದ ಮನುಷ್ಯ ಓಡುವುದನ್ನು ಕಲ್ಪಿಸಿಕೊಂಡೇ ನಗು ಬಂತು. ಅತ್ತೆ ಮಾತ್ರ ನಗಲಿಲ್ಲ. ಕಂಬಕ್ಕೆ ಒರಗಿ ಕೂತು ನನ್ನ ಕುತ್ತಿಗೆಯನ್ನೇ ನೋಡಿದರು. ಆ ನೋಟಕ್ಕೆ ನನ್ನ ನಗು ನಿಂತುಹೋಯಿತು.

ನನ್ನ ಕುತ್ತಿಗೆಯ ಮೇಲೆ ಒಂದು ಗೆರೆಯಿದೆ. ಹಿಂದಿನ ವರ್ಷ ಅಲ್ಲಿ ಒಂದು ಗಂಟು ಕಾಣಿಸಿಕೊಂಡು, ಬೆಂಗಳೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆಸಿದ್ದೆ. ಕೆಟ್ಟದ್ದೇನೂ ಅಲ್ಲ ಎಂದು ವರದಿ ಬಂತು. ಆದರೂ ಆಗಾಗ ಬಂದು ತೋರಿಸಿ ಎಂದಿದ್ದರು. ವರದಿ ಬರುವ ಮುನ್ನ ಕಾದ ದಿನಗಳಲ್ಲಿ ಅತ್ತೆ ತಮ್ಮ ತವರಿನ ಊರಮ್ಮನಿಗೆ ಹರಕೆ ಹೊತ್ತಿದ್ದರು: ಸೊಸೆಯ ಜೀವ ಉಳಿಸು ತಾಯಿ, ನಿನಗೊಂದು ಹುಂಜ ಬಿಡ್ತೀನಿ. ಮನೆಯಲ್ಲಿ ಆಗಷ್ಟೇ ಮೊಟ್ಟೆಯೊಡೆದು ಬಂದಿದ್ದ ಮರಿಗಳಲ್ಲಿ ಒಂದನ್ನು ಆರಿಸಿ, ಅದು ಸ್ವಲ್ಪ ಬಲಿತ ಮೇಲೆ ಬಲಗಾಲಿಗೆ ಅರಿಶಿನದ ದಾರ ಕಟ್ಟಿದರು. ಅಂದಿನಿಂದ ಆ ಕೋಳಿ ಅಮ್ಮನದು. ಅದು ಅಡುಗೆಮನೆಗೆ ನುಗ್ಗಿ ಅಕ್ಕಿ ಹರಡಿದರೂ ಯಾರೂ ಹುಶ್ ಅನ್ನುವಂತಿಲ್ಲ. ಶಿವರಾತ್ರಿ ಕಳೆದ ಮೇಲೆ ನನ್ನ ಮುಂದಿನ ತಪಾಸಣೆ ಇತ್ತು. ಅಷ್ಟರೊಳಗೆ ಹುಂಜ ಅಮ್ಮನಿಗೆ ಸೇರಬೇಕೆಂಬುದು ಅತ್ತೆಯ ಹಟ.

"ಬಾಯಲ್ಲಿ ಆಡಿದ್ದು ತೀರಿಸ್ದೆ ಆಸ್ಪತ್ರೆ ಮೆಟ್ಲು ಹತ್ತಬಾರ್ದು ಕಣಮ್ಮ" ಎನ್ನುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಹರಕೆಗಳನ್ನು ನಂಬುವುದಿಲ್ಲ, ಅತ್ತೆಯ ಜೊತೆ ಜಗಳಕ್ಕೂ ಹೋಗುವುದಿಲ್ಲ. ಒಂದೇ ಒಂದು ಸಲ ಬಾಯಿ ಹಾಕಿದ್ದೆ. ಅವರ ತವರಿನಲ್ಲಿ ಹುಂಜದ ಮೇಲೆ ತೀರ್ಥ ಚಿಮುಕಿಸುತ್ತಾರೆ, ಅದು ಮೈ ಕೊಡವಿದರೆ ಅಮ್ಮ ಒಪ್ಪಿದಳು ಎಂದು ಲೆಕ್ಕ. "ನೀರು ಬಿದ್ರೆ ಯಾವ ಕೋಳಿಯಾದ್ರೂ ಮೈ ಕೊಡವುತ್ತೆ ಅತ್ತೆ" ಎಂದಿದ್ದೆ. "ಕೊಡವ್ದೇ ನಿಂತಿದ್ದೂ ನೋಡಿದ್ದೀನಿ" ಎಂದಷ್ಟೇ ಹೇಳಿ ಅವರು ಸೊಪ್ಪು ಬಿಡಿಸಲು ಕೂತಿದ್ದರು.

ಇನ್ನು ಮಾವನ ಕಥೆ. ಅತ್ತೆಯ ತವರು ಗೌರಿಬಿದನೂರು ಕಡೆ. ಹುಂಜವನ್ನು ಅಲ್ಲಿ ಬಿಟ್ಟು ಬನ್ನಿ, ವಾರದಲ್ಲಿ ನಾವೆಲ್ಲ ಬಂದು ಪೂಜೆ ಮಾಡಿಸೋಣ ಎಂದು ಅತ್ತೆ ಕಳುಹಿಸಿದ್ದರು. ಮಾವ ಬಸ್ಸಿಳಿದು ಹತ್ತಿರದ ದಾರಿಯೆಂದು ಹುಣಸೆ ತೋಪಿನಲ್ಲಿ ಹೋಗಿದ್ದಾರೆ. ಅಲ್ಲಿ ಜನ ಗುಂಪುಗಟ್ಟಿ ನಿಂತಿದ್ದಾರೆ, ನಡುವೆ ಕೋಳಿ ಪಂದ್ಯ. ಹುಂಜಗಳ ಕಾಲಿಗೆ ಕತ್ತಿ ಕಟ್ಟಿ ಕಾಳಗಕ್ಕೆ ಬಿಡುವುದು ಕಾನೂನಿಗೆ ವಿರೋಧವೆಂದು ಮಾವನಿಗೆ ಗೊತ್ತಿಲ್ಲದ ಸಂಗತಿಯಲ್ಲ. "ಸುಮ್ನೆ ಒಂದ್ನಿಮ್ಸ ನೋಡಣ ಅಂತ ನಿಂತೆ" ಎಂದರು. ಆ ಒಂದು ನಿಮಿಷದಲ್ಲೇ ಪೊಲೀಸರ ಜೀಪು ಬಂತು. ಎಲ್ಲರೂ ಓಡಿದರು. ಮಾವನೂ ಚೀಲ ಬಿಟ್ಟು, ಕಾಲುವೆ ಹಾರಿ ಓಡಿದರು.

"ಹೋಗಿ ಕೇಳಿದ್ರೆ ಕೊಡಲ್ವಾ? ದೇವರ ಕೋಳಿ ಅಂತ ಹೇಳಿದ್ರೆ?" ಎಂದರು ಅತ್ತೆ.

"ನಂದು ಅಂದ್ರೆ, ಅಲ್ಲಿಗೆ ನೀನ್ಯಾಕೆ ಹೋಗಿದ್ದೆ ಅಂತಾರೆ. ನನ್ನೂ ಕೂರಿಸ್ಕೊತಾರೆ."

ನನಗೆ ಒಂದು ಕೆಟ್ಟ ಚಟವಿದೆ. ತಲೆಯೊಳಗೆ ಪ್ರಶ್ನೆಯೊಂದು ಹೊಕ್ಕರೆ ಅದರ ಬುಡ ನೋಡುವವರೆಗೆ ಊಟ ರುಚಿಸುವುದಿಲ್ಲ. ಹಿಡಿದ ಹುಂಜ ಯಾರದು? ಬಿಟ್ಟು ಓಡಿದವರದೇ, ಹಿಡಿದವರದೇ, ಮೊದಲೇ ಹೆಸರು ಹೇಳಿ ಮೀಸಲಿಟ್ಟ ದೇವರದೇ? ಚಿಂತಾಮಣಿಯಲ್ಲಿ ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. ಅವನು ಒಂದು ಗಳಿಗೆ ನಕ್ಕು, ಆಮೇಲೆ ಗಂಭೀರನಾದ.

"ಮಿಸ್, ಬೈಕಾದ್ರೆ ಆರ್‌ಸಿ ಬುಕ್ ತೋರಿಸಿ ಕೋರ್ಟಿಂದ ಬಿಡಿಸ್ಕೋಬಹುದು. ಕೋಳಿಗೆ ಏನು ತೋರಿಸ್ತೀರ? ನಮ್ದು ಅಂತ ಸಾಬೀತು ಮಾಡೋಕ್ಕೆ ಹೋದ್ರೆ ಅಂಕಲ್ ಅಲ್ಲಿದ್ರು ಅಂತಾನೂ ಸಾಬೀತಾಗುತ್ತೆ."

"ದೇವರೂ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ ಅಂತಾರಲ್ಲಪ್ಪ? ಅಮ್ಮನ ಹೆಸರಲ್ಲೇ ಅರ್ಜಿ ಹಾಕಿದ್ರೆ?"

"ಹಾಕಬಹುದು ಮಿಸ್. ತೀರ್ಪು ಬರೋಷ್ಟರಲ್ಲಿ ಕೋಳಿ ಮುದಿಯಾಗಿ ಸತ್ತೋಗಿರುತ್ತೆ. ಜೀವ ಇರೋ ಮಾಲನ್ನ ಜಾಸ್ತಿ ದಿನ ಇಟ್ಕೊಳ್ಳಲ್ಲ, ಕೋರ್ಟ್ ಅಪ್ಪಣೆ ತಗೊಂಡು ಹರಾಜು ಹಾಕ್ತಾರೆ. ಸುಮ್ನೆ ಅಲ್ಲಿ ಕೂಗಿ ತಗೊಂಬಿಡಿ."

ಕದ್ದ ಮಾಲಲ್ಲ, ಕಳೆದ ಮಾಲಲ್ಲ. ನನ್ನದು ಎಂದು ಬಾಯಿ ಬಿಟ್ಟರೆ ಮನುಷ್ಯ ಅಪರಾಧಿ, ಬಾಯಿ ಮುಚ್ಚಿಕೊಂಡರೆ ವಸ್ತು ಸರ್ಕಾರದ್ದು. ಇಷ್ಟು ವರ್ಷ ನಾಗರಿಕ ಹಕ್ಕುಗಳ ಪಾಠ ಮಾಡಿದ್ದರೂ ಈ ಸಂದಿಗ್ಧ ನನಗೆ ಹೊಳೆದಿರಲಿಲ್ಲ. ಕೋಳಿಯನ್ನು ಒಮ್ಮೆ ನೋಡಿಯಾದರೂ ಬರಬೇಕು ಅನ್ನಿಸಿತು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹೋದೆ. ಠಾಣೆಯ ಹೆಸರು ಬೇಡ. ಹಿತ್ತಿಲಲ್ಲಿ ಬೈಕುಗಳು ಒಂದರ ಮೇಲೊಂದು ಒರಗಿ ತುಕ್ಕು ಹಿಡಿದಿದ್ದವು. ಮರಳು ಸಾಗಿಸಿ ಸಿಕ್ಕಿಬಿದ್ದ ಟ್ರ್ಯಾಕ್ಟರಿನ ಚಕ್ರದ ನಡುವೆ ಹೊಂಗೆ ಗಿಡ ಎದೆಮಟ್ಟ ಬೆಳೆದಿತ್ತು. ಆಟೋ ಒಂದರ ಮೇಲೆ ಯಾರೋ ಹೀರೆ ಬಳ್ಳಿ ಹಬ್ಬಿಸಿದ್ದರು, ಕಾಯಿ ಬಿಟ್ಟಿತ್ತು. ಮೂಲೆಯಲ್ಲಿ ಬಾಗಿಲಿಗೆ ಜಾಲರಿ ಹೊಡೆದ ಟೆಂಪೋ ನಿಂತಿತ್ತು. ಅದೂ ಜಪ್ತಿಯಾದದ್ದೇ. ಒಳಗೆ ಹುಂಜಗಳನ್ನು ಒಂದಕ್ಕೊಂದು ತಾಗದಂತೆ ಅಡ್ಡ ಹಲಗೆ ಇಟ್ಟು ಕಟ್ಟಿದ್ದರು. ಜಪ್ತಿ ಮಾಲಿನ ಹೊಟ್ಟೆಯೊಳಗೆ ಜಪ್ತಿ ಮಾಲು. ನಡುವಯಸ್ಸಿನ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಊಟದ ಡಬ್ಬಿಯಿಂದ ರಾಗಿ ತೆಗೆದು ಎರಚುತ್ತಿದ್ದರು.

"ಹರಾಜಿಗೆ ಯಾರು ಬೇಕಾದ್ರೂ ಬರಬಹುದಾ ಸರ್?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬರಬಹುದು ಮೇಡಂ. ತೋಪಲ್ಲಿ ಒಂದು ಚಪ್ಪಲೀನೂ ಸಿಕ್ಕಿದೆ. ಎಡಗಾಲಿಂದು. ಯಾರೂ ಕೇಳ್ಕೊಂಡು ಬಂದಿಲ್ಲ, ಪಾಪ."

ಗೋಡೆಯ ಪಕ್ಕದಲ್ಲಿದ್ದ ಚಪ್ಪಲಿಯನ್ನು ನೋಡಿದೆ. ನಾನೇ ಕೊಡಿಸಿದ್ದು. "ಯಾರ್ದೋ ಏನೋ" ಎಂದೆ. "ಯಾರ್ದೋ ಏನೋ" ಎಂದು ಅವರೂ ಒಪ್ಪಿದರು. ಅವರ ಮೀಸೆಯಡಿ ನಗುವಿತ್ತು.

ನಮ್ಮ ಹುಂಜ ಚೆನ್ನಾಗಿತ್ತು. ಮನೆಯಲ್ಲಿದ್ದಾಗಿನದಕ್ಕಿಂತ ದಪ್ಪವಾದಂತೆಯೂ ಕಂಡಿತು. "ಇದು ಪಂದ್ಯದ ಹುಂಜದ ಥರ ಕಾಣಲ್ವಲ್ಲ?" ಎಂದು ಮೆಲ್ಲಗೆ ಕೇಳಿದೆ. "ಕಾಲಲ್ಲಿ ದಾರ ಇದೆಯಲ್ಲ ಮೇಡಂ. ಕತ್ತಿ ಕಟ್ಟೋ ದಾರ ಅಂತ ಆವತ್ತು ಬರೆದಾಯ್ತು. ಆಮೇಲೆ ನೋಡಿದ್ರೆ ಅರಿಶಿನ. ಬರೆದಿದ್ದು ಬರೆದಾಯ್ತಲ್ಲ."

ಅಮ್ಮನದು ಎಂದು ತಿಳಿಯಲೆಂದು ಅತ್ತೆ ಕಟ್ಟಿದ ದಾರವೇ ಅದನ್ನು ಅಪರಾಧಿ ಮಾಡಿತ್ತು. ನನ್ನ ಚಟ ಸುಮ್ಮನಿರಲಿಲ್ಲ, ಇನ್ನೊಂದು ಕೇಳಿದೆ. "ಈ ರಾಗಿ ಯಾರ ಖರ್ಚು ಸರ್?"

"ನಮ್ಮನೇದು. ಮೊನ್ನೆ ನಮ್ಮ ಸ್ಟೇಷನ್ ರೈಟರ್ ಮನೆಯಿಂದ ನುಚ್ಚು ಬಂತು. ಕೋಳಿ ಮೇವಿಗೆ ಅಂತ ಸರ್ಕಾರದಲ್ಲಿ ದುಡ್ಡು ಎತ್ತಿಟ್ಟಿರಲ್ಲ ಮೇಡಂ."

"ಹರಾಜಿನ ದುಡ್ಡು ಬರುತ್ತಲ್ಲ?"

"ಅದು ಖಜಾನೆಗೆ."

"ಸಾಕಿದ ನಿಮಗೆ ಏನೂ ಇಲ್ವಾ? ಬೇರೆ ದೇಶಗಳಲ್ಲಿ ಹಿಡಿದ ಮಾಲಲ್ಲಿ ಪೊಲೀಸರಿಗೇ ಪಾಲಿರುತ್ತಂತೆ. ಅದರಲ್ಲೇ ಜೀಪು, ಬಂದೂಕು ಎಲ್ಲ ಕೊಳ್ತಾರಂತೆ."

ಅವರು ಎರಚುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದರು. "ನಮಗೂ ಪಾಲು ಬರಂಗಿದ್ರೆ ದಿನಾ ಕೋಳಿ ಹಿಡೀತಿದ್ವಿ ಮೇಡಂ. ಪಂದ್ಯದ್ದೂ ಹಿಡೀತಿದ್ವಿ, ಮನೇದೂ ಹಿಡೀತಿದ್ವಿ. ಬೇಡ ಬಿಡಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ಮೆಲುಕು ಹಾಕಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳಲು ಬಂದವರು ಒಂದು ಹಿಡಿ ಎತ್ತಿ ಪರೀಕ್ಷೆ ಮಾಡುತ್ತಾರೆ. ಎತ್ತಿದ್ದು ಎತ್ತಿದವನಿಗೇ ಎಂದಾದರೆ ಅವನ ಅಂಗೈ ದಿನದಿನಕ್ಕೆ ಅಗಲವಾಗದೆ ಇರುತ್ತದೆಯೇ? ಹಾಗೆಂದು, ಕಾವಲು ಕಾಯುವವನು ಮನೆಯ ರಾಗಿ ತಂದು ಸರ್ಕಾರದ ಕೋಳಿ ಸಾಕುವುದೂ ಯಾವ ನ್ಯಾಯ? ಎರಡೂ ಸರಿಕಾಣಲಿಲ್ಲ. ನಂದಿ ಬೆಟ್ಟ ಕಿಟಕಿಯಲ್ಲಿ ಕಂಡು ಮರೆಯಾಗುವವರೆಗೆ ಯೋಚಿಸಿದೆ, ಆಮೇಲೆ ನಿದ್ದೆ ಬಂತು.

ಕೋರ್ಟಿನ ಅಪ್ಪಣೆ ತಡವಾಯಿತು. ಅತ್ತೆ ಕ್ಯಾಲೆಂಡರಿನ ಮುಂದೆ ನಿಲ್ಲುವುದು ಹೆಚ್ಚಾಯಿತು. ಶಿವರಾತ್ರಿ ಬಂತು, ಹೋಯಿತು. ತಪಾಸಣೆಯ ದಿನವನ್ನು ಮುಂದಕ್ಕೆ ಹಾಕಿಸು ಎಂದರು, ನಾನು ಒಪ್ಪಲಿಲ್ಲ. ಆ ಸಿಟ್ಟಿಗೆ ಅವರು ಒಂದು ಹೊತ್ತು ಊಟ ಬಿಟ್ಟರು. ನನಗೂ ಸಿಟ್ಟು ಬಂದಿತ್ತು. ನನ್ನ ಕುತ್ತಿಗೆಗೂ ಯಾವುದೋ ಠಾಣೆಯ ಕೋಳಿಗೂ ಏನು ಸಂಬಂಧ ಎಂದು ಜೋರಾಗಿಯೇ ಅಂದೆ. ಮಾವ ಇಬ್ಬರ ನಡುವೆ ತಮ್ಮ ತಪ್ಪನ್ನು ಹೊತ್ತುಕೊಂಡು ಬರಿಗಾಲಲ್ಲಿ ಓಡಾಡಿದರು, ಹೊಸ ಚಪ್ಪಲಿ ಕೊಳ್ಳಲೂ ಹೋಗಲಿಲ್ಲ. ಕೊನೆಗೆ ಹರಾಜು ಗೊತ್ತಾಯಿತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ.

ನಾನು ರಜೆ ಹಾಕಿದೆ. ಅತ್ತೆ ತಲೆಗೆ ಸ್ನಾನ ಮಾಡಿ, ಒಂದು ಬಟ್ಟೆಯಲ್ಲಿ ರಾಗಿ ಕಟ್ಟಿಕೊಂಡು ಹೊರಟರು. ಠಾಣೆಯಲ್ಲಿ ಆ ಗಂಟನ್ನು ಹೆಡ್ ಕಾನ್‌ಸ್ಟೇಬಲ್ ಮುಂದೆ ಹಿಡಿದರು.

"ನಮ್ಮ ಹುಂಜಕ್ಕೆ ಹಾಕಿದ್ರಂತಲ್ಲಪ್ಪ. ತಗಳಿ."

"ಅಯ್ಯೋ, ಬೇಡಮ್ಮ. ಸ್ಟೇಷನ್ನಲ್ಲಿ ಯಾರಾದ್ರೂ ನೋಡಿದ್ರೆ ಲಂಚ ಅಂತಾರೆ."

"ಒಂದು ಗಂಟು ರಾಗಿಗೆ ಲಂಚ ಅಂತಾರಾ?" ಅತ್ತೆ ನೇರ ಟೆಂಪೋ ಬಳಿಗೆ ಹೋಗಿ ಇದ್ದ ಹುಂಜಗಳಿಗೆಲ್ಲ ರಾಗಿ ಎರಚಿ ಬಂದರು. ಸರ್ಕಾರಕ್ಕೆ ನಮ್ಮತ್ತೆ ಕೊಟ್ಟ ಅನುದಾನ ಅದು.

ಹರಾಜಿಗೆ ಹತ್ತಾರು ಗಂಡಸರು ಬಂದಿದ್ದರು. ಯಾರಿಗೂ ಯಾರೂ ಗೊತ್ತಿಲ್ಲದಂತೆ, ದಾರಿಯಲ್ಲಿ ಹೋಗುವಾಗ ಸುಮ್ಮನೆ ಇಣುಕಿದವರಂತೆ ನಿಂತಿದ್ದರು. ಆದರೆ ಒಬ್ಬೊಬ್ಬರ ಕಣ್ಣೂ ಒಂದೊಂದು ಹುಂಜದ ಮೇಲೆಯೇ ನೆಟ್ಟಿತ್ತು. ಹೆಡ್ ಕಾನ್‌ಸ್ಟೇಬಲ್ ಒಂದು ಹುಂಜ ಎತ್ತಿ ತೋರಿಸಿದರೆ ಅದು ಗುಂಪಿನಲ್ಲಿ ಒಬ್ಬನನ್ನು ನೋಡಿ ಕೊಕ್ಕೊಕ್ಕೋ ಎನ್ನುತ್ತಿತ್ತು, ಆ ಮನುಷ್ಯ ಆಕಾಶ ನೋಡುತ್ತಿದ್ದ. ಅವನ ಕೋಳಿಗೆ ಇವನು, ಇವನ ಕೋಳಿಗೆ ಅವನು ನೆಪಕ್ಕೆ ಒಂದು ಕೂಗು ಕೂಗಿ ಬಿಟ್ಟುಬಿಡುತ್ತಿದ್ದರು. ಎಲ್ಲರ ಹುಂಜವೂ ಅವರವರ ಕಂಕುಳು ಸೇರಿತು. ಸರ್ಕಾರಕ್ಕೆ ದುಡ್ಡು, ಅವರಿಗೆ ಕೋಳಿ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಕೊನೆಯಲ್ಲಿ ನಮ್ಮದು ಬಂತು. ಅತ್ತೆ ಮುಂದೆ ಹೋಗಿ ತಮ್ಮ ಬೆಲೆ ಕೂಗಿ, "ಊರಮ್ಮನಿಗೆ ಬಿಡಕ್ಕೆ ಬೇಕು ಸ್ವಾಮಿ" ಎಂದರು. ಯಾರೋ ಕಾಲಿನ ದಾರ ಗಮನಿಸಿದರು. ಗುಂಪು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

"ಇನ್ಯಾರು ಕೂಗ್ತೀರ?" ಎಂದರು ಹರಾಜು ನಡೆಸಲು ಬಂದಿದ್ದ ಅಧಿಕಾರಿ. ಯಾರೂ ಕೂಗಲಿಲ್ಲ. ಪೊಲೀಸರಿಗೆ ಹೆದರದ ಜನ ಅಮ್ಮನ ಕೋಳಿಗೆ ಪೈಪೋಟಿ ನಡೆಸಲು ಹೆದರಿದರು.

"ಒಬ್ಬರೇ ಕೂಗಿದ್ರೆ ಹರಾಜು ಅನ್ನಿಸ್ಕೊಳ್ಳಲ್ಲಮ್ಮ. ಇನ್ನೊಂದು ದಿನ ಇಟ್ಕೋಬೇಕಾಗುತ್ತೆ" ಎಂದರು ಅಧಿಕಾರಿ. ನಾಳೆ ಬೆಳಿಗ್ಗೆ ಆಸ್ಪತ್ರೆ. ಅತ್ತೆ ಗುಂಪಿನ ಕಡೆ ತಿರುಗಿ, "ಯಾರಾದ್ರೂ ಒಂದು ಮಾತು ಕೂಗ್ರಪ್ಪ, ನಿಮ್ಮ ದಮ್ಮಯ್ಯ" ಎಂದರು. ಗಂಡಸರು ನೆಲ ನೋಡಿದರು.

ನೆಪಕ್ಕೆ ಕೂಗುವುದನ್ನು ಆಗಷ್ಟೇ ಕಲಿತಿದ್ದೆನಲ್ಲ. ಕೈ ಎತ್ತಿ, ಅತ್ತೆ ಹೇಳಿದ್ದಕ್ಕಿಂತ ಒಂದಿಷ್ಟು ಮೇಲೆ ಕೂಗಿದೆ. ಈಗ ಅತ್ತೆ ಇನ್ನೊಂದು ಮಾತು ಕೂಗಿದರೆ ಮುಗಿಯಿತು.

ಅತ್ತೆ ಕೂಗಲಿಲ್ಲ.

"ಒಂದನೇ ಸಾರಿ" ಎಂದರು ಅಧಿಕಾರಿ. ನಾನು ಅತ್ತೆಗೆ ಕಣ್ಸನ್ನೆ ಮಾಡಿದೆ. "ಎರಡನೇ ಸಾರಿ." ಹತ್ತಿರ ಹೋಗಿ ಮೊಣಕೈ ತಿವಿದೆ. "ಅತ್ತೆ, ಕೂಗಿ!"

"ನಾನು ಕೂಗಲ್ಲ ಕಣಮ್ಮ" ಎಂದರು ಮೆಲ್ಲಗೆ. "ನಿನ್ನ ಜೀವಕ್ಕೆ ಅಂತ ಬಿಟ್ಟಿದ್ದು. ನೀನು ಕೈ ಎತ್ತಿದ ಮೇಲೆ ಅದರ ಮೇಲೆ ನಾನು ಕೂಗಕ್ಕಾಗ್ತದಾ?"

ಮೂರನೇ ಸಾರಿಯೂ ಆಯಿತು. ಹುಂಜ ನನ್ನ ಪಾಲಾಯಿತು. ರಸೀದಿಯಲ್ಲಿ ನನ್ನ ಹೆಸರು ಬರೆದರು. ಅಮ್ಮನ ಆಸ್ತಿಯನ್ನು ಸರ್ಕಾರ ಕಾನೂನುಬದ್ಧವಾಗಿ ನನಗೆ ಮಾರಿತು.

ಹೆಡ್ ಕಾನ್‌ಸ್ಟೇಬಲ್ ಹುಂಜವನ್ನು ನನ್ನ ಕೈಗಿಟ್ಟು ಅದರ ಬೆನ್ನು ಸವರಿದರು. "ಬೆಳಿಗ್ಗೆ ನಾಲ್ಕಕ್ಕೇ ಎಬ್ಬಿಸ್ತಿತ್ತು ಬಡ್ಡಿಮಗಂದು. ಇನ್ಮೇಲೆ ನಾನೇ ಅಲಾರಂ ಇಟ್ಕೋಬೇಕು" ಎಂದರು. ಗೇಟಿನವರೆಗೆ ಬಂದು ತಗ್ಗಿದ ದನಿಯಲ್ಲಿ ಸೇರಿಸಿದರು: "ದೇವಸ್ಥಾನದ ಹತ್ರ ಕೊಯ್ಯೋದೂ ಕಾನೂನಿಗೆ ವಿರೋಧ ಮೇಡಂ. ಏನ್ ಮಾಡ್ತೀರ ಅಂತ ನನಗೆ ಹೇಳಕ್ಕೆ ಹೋಗ್ಬೇಡಿ. ಮತ್ತೆ ಇದನ್ನ ಹಿಡ್ಕೊಂಡು ಬರೋ ಶಕ್ತಿ ನನಗಿಲ್ಲ."

ಊರಮ್ಮ ಅಲ್ಲಿಂದ ದೂರವಿಲ್ಲ. ಆಟೋದಲ್ಲಿ ಹುಂಜ ನನ್ನ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ಅದರ ಎದೆ ಬಡಿಯುವುದು ಸೀರೆಯ ಮೂಲಕ ತಿಳಿಯುತ್ತಿತ್ತು. ಅದನ್ನು ಅತ್ತೆಯತ್ತ ಚಾಚಿದೆ.

"ತಗೊಳ್ಳಿ ಅತ್ತೆ, ನೀವೇ ಹಿಡ್ಕೊಳ್ಳಿ."

"ಈಗ ನಿಂದು ಅದು. ನಿನ್ನ ವಸ್ತು ನಾನು ಹೆಂಗೆ ಕೊಡ್ಲಿ ಅಮ್ಮನಿಗೆ? ಕೊಡೋ ಮನಸ್ಸಿದ್ರೆ ನೀನೇ ಕೊಡ್ಬೇಕು. ಇಲ್ದಿದ್ರೆ ಮನೆಗೆ ತಗೊಂಡು ಹೋಗಣ. ನಾನು ಏನೂ ಅನ್ನಲ್ಲ."

ಅವರು ನಿಜವಾಗಿಯೂ ಏನೂ ಅನ್ನುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಒಂದು ವರ್ಷ ಎತ್ತಿಟ್ಟುಕೊಂಡು ಬಂದಿದ್ದ ಭಯವನ್ನು ನನ್ನ ಒಂದು ಮಾತಿನ ಮೇಲೆ ಬಿಟ್ಟು, ಕಿಟಕಿಯಿಲ್ಲದ ಆಟೋದ ಅಂಚು ಹಿಡಿದು ಹೊರಗೆ ನೋಡುತ್ತಾ ಕೂತಿದ್ದರು. ವರದಿಗೆ ಕಾಯುತ್ತಿದ್ದ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಅಂಚನ್ನೂ ಅವರು ಹೀಗೆಯೇ ಹಿಡಿದು ಕೂತಿದ್ದನ್ನು ನಾನು ನೋಡಿದ್ದೆ, ಆದರೆ ಮರೆತಿದ್ದೆ. ನನಗೆ ಅತ್ತೆಯ ಮೇಲೆ ತುಂಬಾ ಪ್ರೀತಿ ಬಂತು.

ಹೊಲದ ಅಂಚಿನಲ್ಲಿ ಬೇವಿನ ಮರ, ಮರದ ಬುಡದಲ್ಲಿ ಅರಿಶಿನ ಬಳಿದ ಕಲ್ಲು. ಅದೇ ಅಮ್ಮ. ಹುಂಜವನ್ನು ಕಲ್ಲಿನ ಮುಂದೆ ನಿಲ್ಲಿಸಿದೆ. ಅತ್ತೆ ಹೊಸ ದಾರವನ್ನು ನನ್ನ ಕೈಗೆ ಕೊಟ್ಟರು, ನಾನೇ ಕಟ್ಟಿದೆ. ತಂಬಿಗೆಯನ್ನೂ ನನ್ನ ಕೈಗೇ ಕೊಟ್ಟರು.

"ಏನನ್ಬೇಕು ಅತ್ತೆ?"

"ಕೊಟ್ಟೆ ಅನ್ನು. ಅಷ್ಟೆ."

"ಕೊಟ್ಟೆ" ಎಂದು ನೀರು ಚಿಮುಕಿಸಿದೆ.

ಹುಂಜ ಅಲ್ಲಾಡಲಿಲ್ಲ. ನೀರು ಕೆಂಪು ರೆಕ್ಕೆಯ ಮೇಲೆ ಮಣಿಮಣಿಯಾಗಿ ನಿಂತಿತು. ಅದು ಒಂದು ಕಣ್ಣಿನಿಂದ ನನ್ನನ್ನು ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿತು. ನೀರು ಬಿದ್ದರೆ ಯಾವ ಕೋಳಿಯಾದರೂ ಮೈ ಕೊಡವುತ್ತದೆ ಎಂದವಳು ನಾನು. ಈಗ ನನ್ನ ಕೈ ನನಗರಿವಿಲ್ಲದೆ ಕುತ್ತಿಗೆಯ ಗೆರೆಯ ಮೇಲೆ ಹೋಗಿತ್ತು. ಕೊಡವು, ಕೊಡವು ನನ್ನಪ್ಪ ಎಂದು ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ. ಮಾವನಿಗೆ ತೆಲುಗು ಬರುವಷ್ಟು ಗಾಬರಿ ನನಗಾಗಿತ್ತು.

ಹುಂಜ ಕತ್ತು ನೀಳ ಮಾಡಿ, ತಲೆಯಿಂದ ಬಾಲದವರೆಗೆ ಒಮ್ಮೆ ಜೋರಾಗಿ ಮೈ ಕೊಡವಿತು. ನೀರೆಲ್ಲ ನನ್ನ ಮುಖಕ್ಕೆ ಹಾರಿತು.

ಅತ್ತೆ ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದರು, ಆಮೇಲೆ ತಮ್ಮ ಕಣ್ಣು ಒರೆಸಿಕೊಂಡರು. ಹುಂಜವನ್ನು ಅಮ್ಮನ ಬಳಿಯೇ ಬಿಟ್ಟೆವು. "ನಡಿಯಮ್ಮ, ಬಸ್ಸಿಗೆ ಹೊತ್ತಾಯ್ತು" ಎಂದರು. "ನಾಳೆ ಬೇಗ ಎದ್ದು ಆಸ್ಪತ್ರೆಗೆ ಹೋಗ್ಬೇಕು."